ಕೆಳಗಿನ ಮನೆಯವಳ ಪಾಲು

ಮೊದಲು ಪೊರಕೆ ಹಿಡಿದು ಸೂರಿಗೆ ಕುಟ್ಟಿದವಳು ನಾನೇ,
ಸುಳ್ಳು ಯಾಕೆ ಹೇಳಲಿ.
ರಾತ್ರಿ ಹನ್ನೊಂದೂವರೆಗೆ ಮಂಚದ ಕಬ್ಬಿಣದ ಕಾಲು
ತಾನಾಗಿ ನಡುಗಿದರೆ ಯಾರು ಸುಮ್ಮನಿರುತ್ತಾರೆ,
ಪಾನೆವೆಝೀಸಿನ ಈ ಐದಂತಸ್ತಿನ ಪೆಟ್ಟಿಗೆಯಲ್ಲಿ,
ಒಬ್ಬರು ಕೆಮ್ಮಿದರೆ ಪಕ್ಕದವರು ಔಷಧಿ ಕುಡಿಯುವ
ಗೋಡೆಗಳ ನಡುವೆ?

ಮೇಲಿನ ಮನೆ ವೈದೋತಾಸನದು.
ಹಗಲು ಫ್ರಿಜ್ಜು ರಿಪೇರಿ; ಊರಿನ ಅರ್ಧ ಬೆಣ್ಣೆ
ಕರಗದೆ ಉಳಿದಿರುವುದು ಅವನಿಂದ.
ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಹಳೇ ಲ್ಯಾಪ್‌ಟಾಪು, ಎರಡು ಮನೆ ಬಾಯಿಬಿಡದ ಪುಟ್ಟ ಕೀಬೋರ್ಡು,
ಒಳಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಕೋಟಿನ ಕಪಾಟು.
ಮೈಕಿಗೆ ಕಾಲುಚೀಲ ತೊಡಿಸಿ
ಸಾಯುವ ಫ್ರಿಜ್ಜುಗಳ ಕೊನೆಯ ಗೊರಕೆ ಹಿಡಿದಿಡುತ್ತಾನಂತೆ.
ಕುಣಿಯೋದಕ್ಕೆ, ಅಂದ.
ಯಾರು ಕುಣೀತಾರೋ ಮಾರಾಯ, ಅಂದೆ.
ಭುಜ ಹಾರಿಸಿದ.

ಅವನ ಮಾತು ನಾನು ಕೇಳಿದ್ದಲ್ಲ, ತುಟಿಯ ಮೇಲೆ ಓದಿದ್ದು.
ಮೂವತ್ತೊಂದು ವರ್ಷ ಲಿನನ್ ಗಿರಣಿಯಲ್ಲಿ ನಿಂತವರೆಲ್ಲ ಹಾಗೇ,
ಇನ್ನೂರು ಮಗ್ಗಗಳ ನಡುವೆ ನಮಗೆ ಕಣ್ಣೇ ಕಿವಿ.
ಸಂಬಳ ಕೊಡುವಾಗ ಗಿರಣಿ ಕಂತು ಕಂತಾಗಿ
ಮುರಿದುಕೊಂಡದ್ದು ಬೇರೆ ಲೆಕ್ಕ:
ಮೊದಲು ಮಿಡತೆ.
ಆಮೇಲೆ ಕೆಟಲಿನ ಸೀಟಿ.
ಆಮೇಲೆ ನನ್ನ ಹೆಸರಿನ ಬಾಲ. ಗೆನೊವೈತೆ ಎಂದು ಗಂಡ
ಸಿಟ್ಟಿನಲ್ಲಿ ಕೂಗಿದರೂ ಗೆನೊ ಅಷ್ಟೇ ತಲುಪುತ್ತಿತ್ತು,
ಮುದ್ದಿಗೆ ಕರೆದ ಹಾಗೆ.
ಉಳಿದದ್ದು ತಳ. ಲಾರಿ, ಗುಡುಗು,
ಮೆಟ್ಟಿಲು ಹತ್ತುವ ಭಾರದ ಬೂಟು.
ಮತ್ತೆ ಇವನ ಡ್ರಮ್ಮು,
ನಿಮಿಷಕ್ಕೆ ನೂರ ಇಪ್ಪತ್ತೆಂಟು ಪೆಟ್ಟು, ಎಣಿಸಿದ್ದೇನೆ.

ಫೆಬ್ರವರಿಯ ಒಂದು ರಾತ್ರಿ ಕುಟ್ಟಿದೆ. ನಿಂತಿತು.
ಸ್ವಲ್ಪ ಹೊತ್ತಿಗೆ ನನ್ನ ಕುಟ್ಟು ನನ್ನ ಮೇಲೇ ಬಿತ್ತು,
ಅದೇ ಮೂರು ಪೆಟ್ಟು, ಅದೇ ಕೋಪ,
ಸೂರಿನ ಆ ಬದಿಯಿಂದ, ಮತ್ತೆ, ಮತ್ತೆ.
ಮಲಗುವ ಅಂಗಿಯಲ್ಲೇ ಮೆಟ್ಟಿಲು ಹತ್ತಿದೆ.
ಬಾಗಿಲು ತೆರೆದು ಕ್ಷಮಿಸಿ ಕ್ಷಮಿಸಿ ಎಂದು ತುಟಿ ಒದ್ದಾಡಿಸಿದ.
ಕ್ಷಮೆ ಇರಲಿ, ನಾಲ್ಕನೇ ಪೆಟ್ಟು ಕುಂಟುತ್ತಿದೆ, ಅಂದೆ,
ಲಾಳಿ ಆಚೆ ದಡ ಮುಟ್ಟುವ ಮೊದಲೇ ಹಲಗೆ ಬಡಿದರೆ
ನೂಲು ಹರಿಯುತ್ತೆ ಹುಡುಗ.
ಮೇಜು ತಟ್ಟಿ ತೋರಿಸಿದೆ.
ಲಾಳಿ, ಹಲಗೆ. ಲಾಳಿ, ಹಲಗೆ. ಲಾಳಿ
ಕೈ ನಿಲ್ಲಲೇ ಇಲ್ಲ. ನಾಚಿಕೆಯಾಯಿತು.
ಅವನು ಮೆಲ್ಲಗೆ ಮೈಕಿನ ಕಾಲುಚೀಲ ಬಿಚ್ಚುತ್ತಿದ್ದ.

ಎಂಟು ಹಾಡು, ಹನ್ನೊಂದು ಡಿಸ್ಕು.
ಹೊದಿಕೆಯ ಮೇಲೆ ತೆರೆದ ಫ್ರಿಜ್ಜಿನ ಫೋಟೋ: ಒಂದು ಬಲ್ಬು,
ಅರ್ಧ ಪಾತ್ರೆ ಬೀಟ್‌ರೂಟಿನ ತಣ್ಣನೆ ಸಾರು.
ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ
ಕುಟ್ಟು: ಗೆನೊವೈತೆ, ಎರಡನೇ ಅಂತಸ್ತು.
ನಾಲ್ಕು ಮಾರಾಟವಾದವು. ಒಂದನ್ನು ಅವನ ಮಾಲೀಕ ಕೊಂಡು
ಚಹಾ ಲೋಟದ ಅಡಿಗೆ ಇಟ್ಟುಕೊಂಡಿದ್ದಾನೆ.

ಐದನೆಯದರಲ್ಲಿ ಒಂದು ಕಡೆ ಡ್ರಮ್ಮು ಪೂರ್ತಿ ಸರಿದುಬಿಡುತ್ತೆ.
ಅಲ್ಲಿ ಒಂದು ಸಣ್ಣ ರಾಗ ಇದೆಯಂತೆ, ತೀರಾ ಮೇಲೆ,
ಆರು ತಿಂಗಳು ತಿದ್ದಿದನಂತೆ.
ಕೇಳಿಸುವಾಗ ನನ್ನ ಮುಖವನ್ನೇ ನೋಡುತ್ತಿದ್ದ.
ತಲೆಯಾಡಿಸಿದೆ.
ಮೂರನೇ ಅಂತಸ್ತಿನ ಪುಟ್ಟಿ ಉಗ್ನೆಯನ್ನು ಆಮೇಲೆ ಕೇಳಿದರೆ
ಚಮಚ ಲೋಟಕ್ಕೆ ತಾಗಿದ ಹಾಗೆ, ಅಂದಳು,
ಅಲ್ಲಲ್ಲ, ತಾಗಿ ಆದಮೇಲಿನ ಹಾಗೆ.

ಅರ್ಧ ಬೆಲೆ ಕೊಟ್ಟೆ, ಅರ್ಧ ಕೇಳಿಸಿದ್ದಕ್ಕೆ.
ಜಗಳವಾಡದೆ ತೆಗೆದುಕೊಂಡ.
ಆ ಖಾಲಿ ಜಾಗ ಬಂದಾಗೆಲ್ಲ ಈಗ
ಸ್ಪೀಕರಿನ ಮೇಲೆ ಅಂಗೈ ಇಟ್ಟು ಕಾಯುತ್ತೇನೆ.
ಅಲ್ಲಿ ನಾನೊಂದು ಮಿಡತೆ ಸಾಕಿಕೊಂಡಿದ್ದೇನೆ.
ಅವನಿಗೆ ಹೇಳಿಲ್ಲ.